ಪಂಜರದ ಋಣ

ಈ ಲೇಖನಕ್ಕೆ ನಿಮಿತ್ತವಾದದ್ದು ಒಂದು ಹಕ್ಕಿ. ಅದರ ತೂಕ ಮೂವತ್ತೈದು ಗ್ರಾಮಿನ ಆಸುಪಾಸು. ಅಂಗೈಯಲ್ಲಿಟ್ಟುಕೊಂಡರೆ ಏನನ್ನಾದರೂ ಹಿಡಿದಿದ್ದೇವೆಂದು ತೋರುವುದೇ ಇಲ್ಲ. ಇಷ್ಟು ಹಗುರವಾದ ಜೀವವೊಂದು ಕಳೆದ ಕಾರ್ತಿಕ ಮಾಸದಿಂದ ನನ್ನ ಮನಸ್ಸಿನ ಮೇಲೆ ಹೊರಿಸಿರುವ ಭಾರವನ್ನು ಉಪಾಧ್ಯಾಯ ಬಂಧುಗಳ ಮುಂದೆಯೂ ಮೇಲಿನ ತರಗತಿಗಳ ವಿದ್ಯಾರ್ಥಿಗಳ ಮುಂದೆಯೂ ಇಳಿಸಬೇಕೆಂದು ಬರೆಯಲು ಕುಳಿತಿದ್ದೇನೆ. ತತ್ತ್ವಶಾಸ್ತ್ರವನ್ನು ನಾನು ಕ್ರಮವಾಗಿ ಓದಿದವನಲ್ಲ. ಶಿಕ್ಷಕ ತರಬೇತಿಯ ಪ್ರಮಾಣಪತ್ರವೊಂದನ್ನು ಬಿಟ್ಟರೆ ನನ್ನಲ್ಲಿ ವಿದ್ವತ್ತಿನ ಬೇರೆ ಗುರುತಿಲ್ಲ. ಆದರೆ ನಾಲ್ಕನೆಯ ತರಗತಿಯ ಹುಡುಗನೊಬ್ಬನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾರದೆ ಹೋದವನು ಆ ಪ್ರಶ್ನೆಯನ್ನಾದರೂ ನೆಟ್ಟಗೆ ಬರೆದಿಡಬೇಕೆಂದು ತಿಳಿದಿದ್ದೇನೆ.

ದೀಪಾವಳಿ ಕಳೆದು ಎಂಟು ಹತ್ತು ದಿನಗಳಾಗಿದ್ದವು. ಕೊಹೀರಿನ ಸುತ್ತಣ ತೋಟಗಳಲ್ಲಿ ಪೇರಲ ಬಲಿಯುವ ಕಾಲ. ಹುಡುಗರ ಪಾಟೀಚೀಲಗಳಲ್ಲಿ ಪುಸ್ತಕಗಳ ಜೊತೆಗೆ ಒಂದೆರಡು ಕಾಯಿಗಳೂ ಇರುವ ದಿನಗಳು. ಒಂದು ಬೆಳಿಗ್ಗೆ ಈ ಹುಡುಗನು ಚಪ್ಪಲಿಯ ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟನು. ಒಳಗೆ ಒಂದು ಹಕ್ಕಿಯಿತ್ತು. ನಮ್ಮ ಕಡೆ ಎಲ್ಲರೂ ‘ಲವ್ ಬರ್ಡ್ಸ್’ ಎನ್ನುವ ಜಾತಿ. ಪುಸ್ತಕಗಳಲ್ಲಿ ಅದರ ಹೆಸರು ಬಡ್ಜರಿಗಾರ್. ಎದೆ ಹಸಿರು, ತಲೆ ಹಳದಿ, ಕತ್ತಿನ ಹಿಂದೆ ಕಪ್ಪು ಗೆರೆಗಳು. ಅದು ಗರಿಗಳನ್ನು ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಮೂಲೆಯಲ್ಲಿ ಒರಗಿತ್ತು. ಹುಡುಗನ ಸೋದರಮಾವ ಜಹೀರಾಬಾದಿನಿಂದ ಜೋಡಿಯಾಗಿ ತಂದುಕೊಟ್ಟಿದ್ದ ಹಕ್ಕಿಗಳಲ್ಲಿ ಹೆಣ್ಣು ಹಿಂದಿನ ರಾತ್ರಿ ಸತ್ತುಹೋಗಿತ್ತು. ಉಳಿದುದರ ರೋಗ ಕೋಳಿಗಳಿಗೆ ಅಂಟೀತು, ಹೊರಗೆ ಬಿಟ್ಟುಬಿಡು ಎಂದು ಮನೆಯಲ್ಲಿ ಹೇಳಿದರಂತೆ.

“ಹೊರಗ ಬಿಟ್ರ ಕಾಗಿ ಬಿಡಂಗಿಲ್ಲ್ರೀ ಸರ್” ಎಂದನು ಹುಡುಗ. ಅಷ್ಟು ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತನು, ಇನ್ನುಳಿದುದು ನನ್ನ ಕೆಲಸವೆಂಬಂತೆ.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಅದನ್ನು ಮುಚ್ಚಿಡುವುದಿಲ್ಲ. ಹಕ್ಕಿಯು ಮೈಯನ್ನು ಮತ್ತೆ ಮತ್ತೆ ಕೊಕ್ಕಿನಿಂದ ಕೆದಕಿಕೊಳ್ಳುವುದನ್ನು ಕಂಡು, ಹಿರಿಯರೊಬ್ಬರ ಮಾತಿನಂತೆ ಬೇವಿನ ಸೊಪ್ಪಿನ ಹೊಗೆ ಹಾಕಿದೆ. ದನದ ಕೊಟ್ಟಿಗೆಗೆ ಹಾಕುವ ಹೊಗೆ. ಯಾವ ಕೇಡೂ ಆಗದೆಂದು ನಂಬಿದ್ದೆ. ಎರಡು ನಿಮಿಷದಲ್ಲಿ ಹಕ್ಕಿ ಬಾಯಿ ತೆರೆದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಏದುಸಿರು ಬಿಡಲಾರಂಭಿಸಿತು. ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ದೇಹದಲ್ಲೆಲ್ಲ ಗಾಳಿಚೀಲಗಳಿರುತ್ತವೆ. ಹಾರಾಟಕ್ಕೆ ಬೇಕಾದ ಪ್ರಾಣವಾಯುವನ್ನು ಒದಗಿಸುವ ಆ ಅದ್ಭುತ ವ್ಯವಸ್ಥೆಯೇ ಹೊಗೆಯನ್ನೂ ವಿಷವನ್ನೂ ನಮಗಿಂತ ಬೇಗ ಒಳಕ್ಕೆಳೆದುಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲವನ್ನು ಅರಿಯಲು ಪಂಜರದ ಕ್ಯಾನರಿ ಹಕ್ಕಿಗಳನ್ನು ಇಳಿಸುತ್ತಿದ್ದುದನ್ನೂ, 1986ರಲ್ಲಿ ಅವುಗಳ ಬದಲು ಯಂತ್ರಗಳನ್ನು ತರಲು ನಿರ್ಧರಿಸಿದುದನ್ನೂ ನಾನೇ ತರಗತಿಯಲ್ಲಿ ಹೇಳಿದ್ದೆ. ತಿಳಿದಿದ್ದ ವಿಷಯವೇ, ಕೈಯಲ್ಲಿ ಕೊಳ್ಳಿ ಇದ್ದಾಗ ನೆನಪಿಗೆ ಬರಲಿಲ್ಲ. ಬಾಗಿಲು ತೆರೆದು ಗಾಳಿಗೆ ಒಯ್ದ ಮೇಲೆ ಹಕ್ಕಿ ಹೇಗೋ ಉಳಿಯಿತು.

ಆ ಸಂಜೆ ಹುಡುಗನ ಮನೆಗೆ ಹೋಗಿ ಪಂಜರವನ್ನು ನೋಡಿದೆ. ಮರದ ಚೌಕಟ್ಟು, ತಂತಿಯ ಜಾಲರಿ, ಅಡ್ಡಲಾಗಿ ಎರಡು ಬಿದಿರ ಕೋಲು. ರಾತ್ರಿ ಬೆಕ್ಕಿನ ಕಾಟವೆಂದು ಅದನ್ನು ಕೋಳಿಗೂಡಿನ ಮೇಲೆಯೇ ತೂಗುಹಾಕುತ್ತಿದ್ದರು. ಕತ್ತಲಾದ ಮೇಲೆ ಪಂಜರದ ಕೆಳಗೆ ಒಂದು ಬಿಳಿಯ ಧೋತರದ ತುಂಡನ್ನು ಹಾಸಿ, ಹಕ್ಕಿಯನ್ನು ಒಳಗೆ ಬಿಟ್ಟು ಕಾದೆವು. ಎರಡು ತಾಸಿನ ಮೇಲೆ ಬ್ಯಾಟರಿ ಹಿಡಿದಾಗ ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಹರಿದಾಡುತ್ತಿದ್ದವು. ಕೆಲವು ಬೂದು ಬಣ್ಣ, ಕೆಲವು ಕಡುಗೆಂಪು. ಒಂದನ್ನು ಬೆರಳಿನಿಂದ ಒತ್ತಿದಾಗ ಬಟ್ಟೆಯ ಮೇಲೆ ರಕ್ತದ ಗೆರೆ ಬಿದ್ದಿತು. ಅದು ಹಕ್ಕಿಯ ರಕ್ತ.

ಇವು ಕೋಳಿಗಳ ಕೆಂಪು ನುಸಿಗಳು. ಎಂಟು ಕಾಲಿನವು, ಆದ್ದರಿಂದ ಹೇನುಗಳ ಕುಲಕ್ಕೆ ಸೇರದೆ ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದವು. ಇವುಗಳ ಬಾಳು ವಿಚಿತ್ರ. ಹಗಲೆಲ್ಲ ಮರದ ಬಿರುಕಿನಲ್ಲಿ, ಕೋಲಿನ ತುದಿಯಲ್ಲಿ, ಮೊಳೆಯ ಸಂದಿನಲ್ಲಿ ಅಡಗಿದ್ದು, ಇರುಳಾದ ಮೇಲೆ ಹೊರಟು ಮಲಗಿದ ಹಕ್ಕಿಯ ಮೈಯೇರಿ ರಕ್ತ ಕುಡಿದು, ಬೆಳಗಾಗುವುದರೊಳಗೆ ಮನೆ ಸೇರುತ್ತವೆ. ಹಗಲಿನಲ್ಲಿ ಹಕ್ಕಿಯ ಮೈಯನ್ನು ಎಷ್ಟು ಹುಡುಕಿದರೂ ಕಾಣದಿರುವುದಕ್ಕೆ ಇದೇ ಕಾರಣ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯಿಡುವ ವಯಸ್ಸಿಗೆ ಬರಲು ಇವುಗಳಿಗೆ ಒಂದು ವಾರ ಸಾಕು. ಹಾಗೆಂದು ಹಸಿವಿಗೂ ಅಂಜುವುದಿಲ್ಲ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಇತ್ತ ಹಕ್ಕಿಯ ಮೈಯಲ್ಲಿರುವ ಒಟ್ಟು ರಕ್ತವೋ ಒಂದು ಚಹದ ಚಮಚೆಯನ್ನೂ ತುಂಬುವುದಿಲ್ಲ. ಹೆಣ್ಣು ಹಕ್ಕಿ ಯಾವ ರೋಗದಿಂದಲೂ ಸತ್ತದ್ದಲ್ಲ. ರಾತ್ರಿಗೆ ಇಷ್ಟಿಷ್ಟಾಗಿ ಬರಿದಾಗಿ ಸತ್ತಿತ್ತು. ಕೋಳಿಗಳಿಗೆ ಹಕ್ಕಿಯಿಂದ ರೋಗ ಅಂಟೀತೆಂದು ಮನೆಯವರು ಅಂಜಿದ್ದರಲ್ಲ, ಬಂದದ್ದು ಕೋಳಿಗೂಡಿನಿಂದಲೇ.

ಮರುದಿನ ಹಕ್ಕಿಯನ್ನು ಬೀದರಿಗೆ ಒಯ್ದೆ. 1956ಕ್ಕೆ ಮೊದಲು ನಮ್ಮ ಜಿಲ್ಲೆಯ ಕೇಂದ್ರವಾಗಿದ್ದ ಆ ಊರಿಗೆ ನಮ್ಮ ಜನ ಇಂದಿಗೂ ಹಳೆಯ ಸಲಿಗೆಯಿಂದಲೇ ಹೋಗುತ್ತಾರೆ. 2004ರಿಂದ ಅಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೂ ಇರುವುದರಿಂದ ದನ ಕುರಿಗಳಿಗೆ ಕಾಯಿಲೆಯಾದರೆ ಮೊದಲು ನೆನಪಾಗುವುದು ಬೀದರವೇ. ಅಲ್ಲಿಯ ಪಶುವೈದ್ಯರೊಬ್ಬರು ಹಕ್ಕಿಯನ್ನು ತೂಗಿ, ಕತ್ತಿನ ಹಿಂದಿನ ಗರಿಗಳನ್ನು ಸರಿಸಿ, ಬರಿಯ ಚರ್ಮದ ಮೇಲೆ ಒಂದು ಹನಿ ಔಷಧವನ್ನಿಟ್ಟರು. ಎರಡು ವಾರ ಬಿಟ್ಟು ಮತ್ತೆ ಬರಹೇಳಿದರು. ಆ ಔಷಧದ ಹೆಸರು ಐವರ್ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಅದು ಹುಟ್ಟಿತು. ಆ ಜೀವಿಯನ್ನು ಕಂಡ ಸತೋಶಿ ಒಮುರ ಅವರಿಗೂ, ಔಷಧವನ್ನು ರೂಪಿಸಿದ ವಿಲಿಯಂ ಕ್ಯಾಂಬೆಲ್ ಅವರಿಗೂ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನುಸಿಯ ನರಗಳನ್ನು ನಿಶ್ಚೇಷ್ಟಗೊಳಿಸಿ ಕೊಲ್ಲುವ ವಿಷ ಅದು. ದನಗಳಿಗೆಂದು ಅಂಗಡಿಯಲ್ಲಿ ಮಾರುವ ಅದೇ ಔಷಧವನ್ನು ಅಂದಾಜಿನ ಮೇಲೆ ಹಕ್ಕಿಗೆ ಹಾಕಿದರೆ ಹಕ್ಕಿಯೂ ಸಾಯಬಹುದು. ಆದುದರಿಂದ ಓದುಗರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಸೀಮೆಎಣ್ಣೆ, ಇರುವೆಪುಡಿಗಳ ಮಾತನ್ನಂತೂ ಎತ್ತಲೇಬಾರದು.

ವೈದ್ಯರು ಇನ್ನೊಂದು ಮಾತು ಹೇಳಿದರು: ನುಸಿಯ ಮನೆ ಪಂಜರವೇ ಹೊರತು ಹಕ್ಕಿಯ ಮೈಯಲ್ಲ; ಪಂಜರವನ್ನು ಶುದ್ಧಮಾಡದೆ ಔಷಧ ಹಾಕಿ ಪ್ರಯೋಜನವಿಲ್ಲ. ಅದರಂತೆ ಬಿದಿರ ಕೋಲುಗಳನ್ನು ಸುಟ್ಟೆವು. ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗಿರಿಸಿ, ಹಂಡೆಯಲ್ಲಿ ನೀರು ಮರಳಿಸಿ, ಪಂಜರವನ್ನು ಅಂಗಳದ ಕಲ್ಲಿನ ಮೇಲಿಟ್ಟೆವು. ನೀರು ಹುಯ್ಯುವ ಕೆಲಸ ಹುಡುಗನದು. ಮೊದಲ ತಂಬಿಗೆ ಬಿದ್ದೊಡನೆ ಚೌಕಟ್ಟಿನ ಬಿರುಕಿನಿಂದ ನುಸಿಗಳು ಮಣ್ಣು ಉದುರಿದಂತೆ ಉದುರಿ ನೀರಿನ ಜೊತೆ ಹರಿದವು. ನೂರಲ್ಲ, ಸಾವಿರಗಟ್ಟಲೆ. ಎರಡನೆಯ ತಂಬಿಗೆಯನ್ನು ಎತ್ತಿದವನು ಹಾಗೆಯೇ ನಿಂತನು.

“ಸರ್, ಇವಕೂ ಜೀವ ಅದಾವಲ್ರೀ?”

“ಅದಾವ.”

“ಹಂಗಾರ ಒಂದ್ ಹಕ್ಕಿ ಸಲುವಾಗಿ ಎಷ್ಟ್ ಸಾಯಬೇಕ್ರಿ?”

ಹಿಂದಿನ ವಾರವಷ್ಟೇ ಅವನಿಗೆ ಪ್ರಾಣಿದಯೆಯ ಪಾಠ ಹೇಳಿದ್ದವನು ನಾನು. “ನೀರು ಆರತದ, ಮೊದಲ ಹುಯ್ಯಿ, ಆಮ್ಯಾಲ ಹೇಳತೀನಿ” ಎಂದೆ. ಅವನು ಹುಯ್ದನು. ಆ ‘ಆಮ್ಯಾಲ’ ಇನ್ನೂ ಬಂದಿಲ್ಲ.

ಇಷ್ಟಾದ ಮೇಲೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ನಮ್ಮಿಬ್ಬರನ್ನೂ ಮುಂದಕ್ಕೆ ಕರೆದು ಮಕ್ಕಳಿಂದ ಚಪ್ಪಾಳೆ ತಟ್ಟಿಸಿದರು. ದಯೆಗೆ ಇದೇ ನಿದರ್ಶನ ಎಂದರು. ಅವರದು ಒಳ್ಳೆಯ ಮನಸ್ಸು. ಆದರೆ ಚಪ್ಪಾಳೆ ಕೇಳುತ್ತಿದ್ದಂತೆ ನನ್ನ ಕಣ್ಣು ಹುಡುಗನ ಕಡೆ ಹೋಯಿತು. ಅವನು ನೆಲ ನೋಡುತ್ತಿದ್ದನು.

ಸಾವಿರ ಪ್ರಾಣಿಗಳನ್ನು ಬಿಸಿನೀರಿನಲ್ಲಿ ಕೊಂದು ಒಂದು ಪ್ರಾಣಿಯನ್ನು ಉಳಿಸಿದರೆ ಅದಕ್ಕೆ ದಯೆಯೆಂಬ ಹೆಸರು ಹೇಗೆ ಸಲ್ಲುತ್ತದೆ? ಪ್ರಶ್ನೆ ಹೊಸದಲ್ಲ. ನಮ್ಮ ನೆಲದಲ್ಲಿಯೇ ಇದನ್ನು ಬಹಳ ಕಟ್ಟುನಿಟ್ಟಾಗಿ ಚಿಂತಿಸಿದ ಜನರಿದ್ದರು. ತಾಂಡೂರಿನಿಂದ ಪಡುವಣ ದಿಕ್ಕಿಗೆ ರೈಲಿನಲ್ಲಿ ಹೋದರೆ ಸೇಡಂ ದಾಟಿದ ಮೇಲೆ ಮಳಖೇಡ ಬರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ನೃಪತುಂಗನ ಆಳಿಕೆಯಲ್ಲಿ ಜಿನಸೇನಾಚಾರ್ಯರಂಥವರು ಮನ್ನಣೆ ಪಡೆದ ನಾಡು. ದಿಗಂಬರ ಮುನಿಗಳು ಕೈಯಲ್ಲಿ ಹಿಡಿಯುವ ಪಿಂಛವನ್ನು ಓದುಗರು ಚಿತ್ರದಲ್ಲಾದರೂ ಕಂಡಿರಬಹುದು. ನವಿಲು ತಾನಾಗಿ ಉದುರಿಸಿದ ಗರಿಗಳ ಕಟ್ಟು ಅದು. ಕುಳಿತುಕೊಳ್ಳುವ ಮುನ್ನ ನೆಲದ ಮೇಲಿನ ಸಣ್ಣ ಜೀವಿಗಳನ್ನು ನೋಯದಂತೆ ಸರಿಸಲು ಅದನ್ನು ಬಳಸುತ್ತಾರೆ. ಹಕ್ಕಿಯ ಗರಿಯಿಂದ ಹುಳುವಿಗೆ ರಕ್ಷಣೆ! ನನ್ನ ಕೈಯಲ್ಲಿದ್ದುದು ಬಿಸಿನೀರಿನ ತಂಬಿಗೆ. ಗುಜರಾತಿನ ಹಳೆಯ ಪಾಂಜರಪೋಳಗಳಲ್ಲಿ ಮುದಿ ದನಗಳಿಗೂ ಗಾಯಗೊಂಡ ಹಕ್ಕಿಗಳಿಗೂ ಆಶ್ರಯವಿದ್ದುದಲ್ಲದೆ, ಕಾಳಿನ ಹುಳುಗಳಿಗೆಂದೇ ‘ಜೀವಾತ ಖಾನಾ’ ಎಂಬ ಕೋಣೆಗಳೂ ಇದ್ದವು. ಹುಳುವಿದ್ದ ಕಾಳುಧೂಳನ್ನು ಅಲ್ಲಿ ತಂದು ಹಾಕಿ, ಅವು ತಮ್ಮ ಆಯುಷ್ಯ ಮುಗಿಸಲಿ ಎಂದು ಬಿಡುತ್ತಿದ್ದರು. ನಗುವವರು ನಗಬಹುದು. ನಾನು ಹಿಂದೆ ನಕ್ಕಿದ್ದೆ. ಅಂಗಳದಲ್ಲಿ ಆ ಹುಡುಗ ತಂಬಿಗೆ ಎತ್ತಿ ನಿಂತಾಗಿನಿಂದ ನಗು ಬರುತ್ತಿಲ್ಲ.

ಜೈನಶಾಸ್ತ್ರವು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಿಂದ ವಿಂಗಡಿಸುತ್ತದೆ. ಹಕ್ಕಿ ಪಂಚೇಂದ್ರಿಯ ಜೀವಿ. ಹೇನು ಇರುವೆಗಳಂಥವು ಮೂರೇ ಇಂದ್ರಿಯಗಳವು. ಗೃಹಸ್ಥನಿಗೆ ಮುನಿಯಷ್ಟು ಕಠಿನವಾದ ವ್ರತವನ್ನೂ ವಿಧಿಸುವುದಿಲ್ಲ: ಕೊಲ್ಲಲೆಂದೇ ಕೊಲ್ಲುವ ಸಂಕಲ್ಪ ಹಿಂಸೆ ಸರ್ವಥಾ ಕೂಡದು, ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯನ್ನು ಬೇರೆಯಾಗಿ ಎಣಿಸಲಾಗಿದೆ. ಈ ವಿವೇಚನೆ ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಸ್ವಲ್ಪವೇ. ನಾನು ಮಾಡಿದ ಹಿಂಸೆ ಕಡಿಮೆಯದೆಂದು ಅದು ಹೇಳೀತು. ಆದರೆ ಹೊತ್ತು ಗೊತ್ತುಮಾಡಿ, ಹಂಡೆ ಏರಿಸಿ, ಬಿರುಕು ಬಿರುಕನ್ನು ಹುಡುಕಿ ನೀರು ಹುಯ್ದ ನನಗೆ, ಇದು ಸಂಕಲ್ಪವಲ್ಲ ಎಂದು ಹೇಳಿಕೊಳ್ಳುವ ಧೈರ್ಯ ಬರಲಿಲ್ಲ.

ನುಸಿ ರಕ್ತ ಹೀರುವ ದುಷ್ಟ ಪ್ರಾಣಿ, ಶಿಕ್ಷೆಗೆ ಅರ್ಹ ಎನ್ನೋಣವೇ? ನಮ್ಮ ಮಕ್ಕಳಿಗೆ ಶಿಬಿಯ ಕಥೆ ಗೊತ್ತು. ಪಾರಿವಾಳವು ಶರಣು ಬಂದಾಗ ಬೆನ್ನಟ್ಟಿದ ಗಿಡುಗನನ್ನು ಆ ರಾಜ ದುಷ್ಟನೆಂದು ಬಯ್ಯಲಿಲ್ಲ. ನಿನ್ನ ಹಸಿವೂ ನ್ಯಾಯವಾದದ್ದೇ ಎಂದು ಒಪ್ಪಿ ತನ್ನ ತೊಡೆಯ ಮಾಂಸವನ್ನು ತಕ್ಕಡಿಗೆ ಹಾಕಿದನು. ನುಸಿಗೆ ರಕ್ತದ ಹೊರತು ಬೇರೆ ಆಹಾರವಿಲ್ಲ. ಜೋಳದ ಕಾಳು ತಿನ್ನು ಎಂದು ಬುದ್ಧಿ ಹೇಳಲು ಬರುವುದಿಲ್ಲ. ನಾನು ಶಿಬಿಯಾಗಲಿಲ್ಲ. (ಆದರೂ ನನ್ನ ಇಚ್ಛೆಯನ್ನು ಕೇಳದೆ ನುಸಿಗಳು ನನ್ನನ್ನು ಕೊಂಚ ಶಿಬಿಯಾಗಿ ಮಾಡಿದವು: ಪಂಜರವನ್ನು ಹೊತ್ತು ತಂದ ರಾತ್ರಿ ಮೊಣಕೈವರೆಗೆ ಎದ್ದ ದದ್ದುಗಳ ತುರಿಕೆ ಮೂರು ದಿನ ಹೋಗಲಿಲ್ಲ.)

ಆಲ್ಬರ್ಟ್ ಶ್ವೈಟ್ಜರ್ ಎಂಬ ವೈದ್ಯರ ಹೆಸರನ್ನು ಹಿರಿಯ ಓದುಗರು ಕೇಳಿರುತ್ತಾರೆ. ಆಫ್ರಿಕದ ಗ್ಯಾಬನ್ ಸೀಮೆಯ ಲಂಬರೇನೆಯಲ್ಲಿ 1913ರಲ್ಲಿ ಆಸ್ಪತ್ರೆ ತೆರೆದವರು. ಜೀವದ ಬಗೆಗೆ ಪೂಜ್ಯಭಾವ ಇರಬೇಕೆಂಬುದೇ ಅವರ ತತ್ತ್ವದ ತಿರುಳು. 1931ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ನನ್ನದೇ ಇಕ್ಕಟ್ಟನ್ನು ಹೇಳಿಕೊಂಡಿದ್ದಾರೆ. ಮರಳ ದಿಬ್ಬದ ಮೇಲೆ ಊರವರು ಹಿಡಿದಿದ್ದ ಮೀನುಗಿಡುಗದ ಮರಿಯೊಂದನ್ನು, ಅದಕ್ಕೆ ಹಿಂಸೆಯಾಗಬಾರದೆಂದು, ಅವರು ಹಣ ಕೊಟ್ಟು ಬಿಡಿಸಿಕೊಂಡರು. ಈಗ ಮರಿಯನ್ನು ಉಪವಾಸ ಕೊಲ್ಲಬೇಕು, ಇಲ್ಲವೇ ಅದಕ್ಕಾಗಿ ದಿನವೂ ಸಣ್ಣ ಮೀನುಗಳನ್ನು ಕೊಲ್ಲಬೇಕು. ಅವರು ಮೀನುಗಳನ್ನು ಕೊಲ್ಲಲು ನಿರ್ಧರಿಸಿದರು. ಆದರೆ ಒಂದು ಜೀವಕ್ಕಾಗಿ ಇನ್ನೊಂದು ಜೀವವನ್ನು ಬಲಿಕೊಡುವ ಹೊಣೆ ತನ್ನ ಮೇಲೆಯೇ ಇದೆಯೆಂಬುದು ಪ್ರತಿ ದಿನವೂ ಅವರಿಗೆ ಕಷ್ಟವೆನಿಸುತ್ತಿತ್ತು. ನಿದ್ರಾರೋಗದ ಕ್ರಿಮಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗಲೂ ಅವರಿಗೆ ಇದೇ ಭಾವನೆ ಬರುತ್ತಿತ್ತಂತೆ. ಇಷ್ಟು ದೊಡ್ಡವರೂ ಪ್ರಶ್ನೆಯನ್ನು ಬಿಡಿಸಿಬಿಡಲಿಲ್ಲ, ಹೊತ್ತುಕೊಂಡರು ಎಂಬುದು ನನಗೆ ಆಧಾರವಾಯಿತು.

ಆದರೂ ಅವರ ಸಂಗತಿಗೂ ನನ್ನ ಸಂಗತಿಗೂ ಒಂದು ಭೇದವಿದೆ. ಗಿಡುಗದ ಮರಿಯನ್ನು ಶ್ವೈಟ್ಜರ್ ಹಿಡಿದಿರಲಿಲ್ಲ. ಹಿಡಿದವರಿಂದ ಬಿಡಿಸಿದವರು ಅವರು.

ಈ ಭೇದ ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಹುಡುಗನ ತಾಯಿಯ ಮಾತಿನಿಂದ. ಪಂಜರವನ್ನು ಬಿಸಿಲಿಗಿಟ್ಟು ಹೊರಟಿದ್ದೆ. ಆ ತಾಯಿ ಚಹ ತಂದುಕೊಟ್ಟು, “ಇವೆಲ್ಲ ನಮಗ್ಯಾಕ ಬೇಕಿತ್ರೀ ಸರ್? ನೀವ್ ನಿಬಂಧ ಬರಿ ಅಂದ್ರೆಂತ ಇವ ತನ ಮಾವಗ ಗಂಟ್‌ಬಿದ್ದು ತರ್ಸಿಕೊಂಡ” ಎಂದಳು. ನನಗೆ ತಟ್ಟನೆ ನೆನಪಾಯಿತು. ಆಷಾಢದಲ್ಲಿ ‘ನನ್ನ ಸಾಕುಪ್ರಾಣಿ’ ಎಂಬ ನಿಬಂಧ ಬರೆಯಿಸಿದ್ದೆ. ಮಾದರಿಗೆಂದು ಹಲಗೆಯ ಮೇಲೆ ಪಂಜರದ ಗಿಳಿಯ ವರ್ಣನೆಯನ್ನು ನಾನೇ ಬರೆದಿದ್ದೆ. ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರವನ್ನೂ ಬಿಡಿಸಿದ್ದೆ. “ಮನ್ಯಾಗ ಕೋಳಿ ಇದ್ದವಲ್ಲ, ಅದರ ಮ್ಯಾಲೇ ಬರೀಬಹುದಿತ್ತಲ್ಲೋ” ಎಂದು ಹುಡುಗನನ್ನು ಕೇಳಿದೆ. ಕೋಳಿ ಸಾಕುಪ್ರಾಣಿ ಅಲ್ಲ, ಅದು ಮಾರಲಿಕ್ಕೆ ಎಂದನು. ಈ ಉತ್ತರವೂ ಬಹುಶಃ ನನ್ನ ಹಲಗೆಯಿಂದಲೇ ಕಲಿತದ್ದು. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮಕ್ಕಳಿಗೆ ನಾನು ಬರೆದುಕೊಟ್ಟ ಮಾದರಿಯೇ ಕಾನೂನಿಗೆ ವಿರುದ್ಧವಾಗಿತ್ತು. ಗಿಳಿ ಸಿಗದಿದ್ದುದರಿಂದ ಮಾವ ಅಂಗಡಿಯಲ್ಲಿ ಮಾರುವ ಪರದೇಶದ ಹಕ್ಕಿಯನ್ನು ತಂದನು. ಹೀಗೆ ಎಣಿಸುತ್ತ ಹೋದರೆ ಆ ಹಕ್ಕಿಗಳು ಕೋಳಿಗೂಡಿನ ಮೇಲೆ ಬಂದು ತೂಗಿದ್ದಕ್ಕೆ ನನ್ನ ಸೀಮೆಸುಣ್ಣವೂ ಒಂದು ಕಾರಣ.

ಈಗ ನುಸಿಯ ಮಾತಿಗೆ ಮರಳೋಣ. ಈ ಹಕ್ಕಿಯ ಮೂಲಸ್ಥಾನ ಆಸ್ಟ್ರೇಲಿಯದ ಒಣ ಬಯಲು. ಅಲ್ಲಿ ಅವು ದೊಡ್ಡ ಹಿಂಡುಗಳಾಗಿ, ಮಳೆ ಬಿದ್ದು ಹುಲ್ಲು ತೆನೆಗಟ್ಟಿದ ಕಡೆಗೆ ಊರೂರು ಅಲೆಯುತ್ತವೆ. ಒಂದೆಡೆ ನಿಲ್ಲುವುದೇ ಇಲ್ಲ. ಕಾಡಿನ ಹಕ್ಕಿಗಳಿಗೆ ನುಸಿಯ ಬಾಧೆ ಇಲ್ಲವೆಂದಲ್ಲ. ಗೂಡಿನಲ್ಲಿ ನುಸಿ ಹುಟ್ಟುತ್ತದೆ, ಮರಿಗಳನ್ನು ಕಾಡುತ್ತದೆ. ಆದರೆ ಹಕ್ಕಿಗೂ ತನ್ನ ಉಪಾಯಗಳಿವೆ. ನೀರಿನಲ್ಲಿಯೋ ಧೂಳಿನಲ್ಲಿಯೋ ಮೀಯುತ್ತದೆ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ, ಕೊಕ್ಕಿನಿಂದ ಗರಿ ಗರಿಯನ್ನೂ ಓರಣಮಾಡಿಕೊಳ್ಳುತ್ತದೆ, ಇಂದು ಮಲಗಿದ ಕೊಂಬೆಯನ್ನು ನಾಳೆ ಬಿಡುತ್ತದೆ. ಮರಿ ಹಾರಿತೆಂದರೆ ನುಸಿ ಬರಿಯ ಗೂಡಿನಲ್ಲಿ ಹಸಿದು ಕಾಯಬೇಕು. ಇವೆರಡರ ನಡುವೆ ಅನಾದಿಯಿಂದ ಬಂದ ವ್ಯಾಜ್ಯವೊಂದಿದೆ. ಅದರಲ್ಲಿ ಯಾರೂ ಪೂರ್ತಿ ಗೆಲ್ಲುವುದಿಲ್ಲ, ಯಾರೂ ಪೂರ್ತಿ ಸೋಲುವುದಿಲ್ಲ. ಪಂಜರವು ಈ ವ್ಯಾಜ್ಯದಲ್ಲಿ ಒಂದು ಪಕ್ಷದ ಕೈಕಾಲುಗಳನ್ನು ಕಟ್ಟಿಹಾಕಿತು. ಪ್ರತಿ ರಾತ್ರಿಯೂ ಅದೇ ಕೋಲು, ಅದೇ ಮೂಲೆ, ಅದೇ ಎರಡು ಹಕ್ಕಿ. ಒಂದೊಂದು ರಾತ್ರಿಯೂ ನಾವು ನುಸಿಗೆ ಎಡೆ ಇಟ್ಟಂತಾಯಿತು. ಸಾವಿರ ನುಸಿಗಳು ಹುಟ್ಟಿದ್ದು ನಮ್ಮ ಪಂಜರದಿಂದ. ಹೆಣ್ಣು ಹಕ್ಕಿ ಸತ್ತದ್ದೂ ನಮ್ಮ ಪಂಜರದಿಂದ. ಕಡೆಗೆ ಆ ಸಾವಿರವೂ ಬೆಂದದ್ದು ನಮ್ಮ ಬಿಸಿನೀರಿನಿಂದ.

ಹೀಗಿರುವಾಗ ನಾನು ಮಾಡಿದ ಕೆಲಸಕ್ಕೆ ದಯೆಯೆಂಬ ಹೆಸರಿಡುವುದು ಸುಳ್ಳು. ಸಾಲಗಾರನು ಬಡ್ಡಿ ಕಟ್ಟಿದರೆ ಯಾರೂ ಅವನನ್ನು ದಾನಿ ಎನ್ನುವುದಿಲ್ಲ, ಪ್ರಾರ್ಥನೆಯಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟುವುದಿಲ್ಲ. ನನ್ನದು ಋಣ ಸಂದಾಯ, ಅದೂ ಅರ್ಧ.

ಇದು ಬರಿಯ ಮಾತಿನ ಭೇದವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ಕಾಣುವುದಿಲ್ಲ. ದಯೆಗೆ ಆಯ್ಕೆಯ ಸ್ವಾತಂತ್ರ್ಯವಿದೆ: ಚೆಲುವಾದ ಹಕ್ಕಿಯನ್ನು ಕಂಡಾಗ ಹುಟ್ಟುತ್ತದೆ, ಬೇಸರವಾದಾಗ ನಿಲ್ಲುತ್ತದೆ. ಋಣಕ್ಕೆ ಆ ಸ್ವಾತಂತ್ರ್ಯವಿಲ್ಲ. ದಿಲ್ಲಿಯ ಕೆಂಪುಕೋಟೆಯ ಎದುರಿಗೆ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗಾಗಿಯೇ ಒಂದು ಧರ್ಮಾಸ್ಪತ್ರೆಯಿದೆ. ಯಾರು ತಂದ ಹಕ್ಕಿಗಾದರೂ ಉಚಿತವಾಗಿ ಶುಶ್ರೂಷೆ ಮಾಡಿ, ಗುಣವಾದ ಮೇಲೆ ಆಕಾಶಕ್ಕೆ ಬಿಡುತ್ತಾರೆ. ಮಾಂಸ ತಿನ್ನುವ ಹದ್ದು ಗಿಡುಗಗಳಿಗೂ ಔಷಧ ಕೊಡುತ್ತಾರೆ, ಆದರೆ ಒಳಗೆ ಇರಿಸಿಕೊಳ್ಳುವುದಿಲ್ಲ. ಆ ನಿಯಮವನ್ನು ನಾನು ಆಕ್ಷೇಪಿಸಲಾರೆ. ಅವರ ವ್ರತಕ್ಕೆ ಅದು ಸಹಜ. ನನ್ನ ಗಮನ ಸೆಳೆದದ್ದು ಬೇರೆ. ಅಲ್ಲಿಗೆ ಬರುವ ಹಕ್ಕಿಗಳಲ್ಲಿ ಅನೇಕವು ಮನೆಗಳ ಬೀಸಣಿಗೆಗೆ ಸಿಕ್ಕವು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ಸಿಕೊಂಡವು. ಬೀಸಣಿಗೆ ನಮ್ಮದು, ದಾರ ನಮ್ಮದು. ಆ ಮಹಾ ದಯೆಯ ಮನೆಯಲ್ಲಿಯೂ ಅರ್ಧ ಲೆಕ್ಕ ಊರಿನ ಸಾಲದ್ದೇ.

ಹಾಗಾದರೆ ಪಂಜರದ ಬಾಗಿಲು ತೆರೆದುಬಿಟ್ಟರೆ ಋಣ ತೀರೀತೇ? ಗಿಳಿಯಾಗಿದ್ದರೆ, ರೆಕ್ಕೆ ಬಲವಾಗಿದ್ದರೆ, ತಿಳಿದವರ ಸಲಹೆಯಿಂದ ಅದನ್ನು ನಮ್ಮ ಆಕಾಶಕ್ಕೆ ಮರಳಿಸುವ ದಾರಿಯಿರುತ್ತಿತ್ತು. ಈ ಹಕ್ಕಿಗೆ ನಮ್ಮ ಆಕಾಶವೇ ಪರದೇಶ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದಂದಿನಿಂದ ತಲೆಮಾರು ತಲೆಮಾರು ಪಂಜರದಲ್ಲಿಯೇ ಹುಟ್ಟಿ ಪಂಜರದಲ್ಲಿಯೇ ಮೊಟ್ಟೆಯಿಟ್ಟು ಬಂದ ಸಂತತಿ ಇದು. ಹೊರಗೆ ಬಿಟ್ಟರೆ ಸಂಜೆಯೊಳಗೆ ಕ್ಷೇಮ ತಪ್ಪುತ್ತದೆ. ಹುಡುಗ ಮೊದಲ ದಿನವೇ ಅದನ್ನು ಹೇಳಿದ್ದನಲ್ಲವೇ? ಬಿಡುಗಡೆಯೇ ಸಾವಾಗುವಂತೆ ಒಂದು ಜೀವಿಯನ್ನು ಮಾಡಿಟ್ಟಿರುವುದು ಪಂಜರಕ್ಕಿಂತ ದೊಡ್ಡ ತಪ್ಪು. ಈ ಋಣ ಹಕ್ಕಿಯ ಆಯುಸ್ಸಿನುದ್ದಕ್ಕೂ ಕಂತು ಕಂತಾಗಿ ಸಲ್ಲಬೇಕಾದದ್ದು.

ಇಲ್ಲಿಗೆ ಬಂದ ಮೇಲೆ ಹುಡುಗನ ಪ್ರಶ್ನೆಯ ಒಂದು ಅಂಶಕ್ಕೆ ಉತ್ತರ ದೊರೆತಂತಾಯಿತು. ಒಂದು ಹಕ್ಕಿಗಾಗಿ ಎಷ್ಟು ನುಸಿ ಸಾಯಬೇಕು? ಎಷ್ಟು ದಿನ ನಾವು ಪಂಜರವನ್ನು ನೋಡದೆ ಬಿಟ್ಟೆವೋ ಅಷ್ಟು. ಮೊದಲ ವಾರವೇ ಕೋಲು ಬದಲಿಸಿದ್ದರೆ ಹತ್ತು ಸಾಯುತ್ತಿದ್ದವು. ಪಂಜರವನ್ನು ಕೋಳಿಗೂಡಿನಿಂದ ದೂರ ಇಟ್ಟಿದ್ದರೆ ಬಹುಶಃ ಒಂದೂ ಹುಟ್ಟುತ್ತಿರಲಿಲ್ಲ. ನುಸಿಗೂ ನಾವು ಸಲ್ಲಿಸಬಹುದಾದದ್ದು ಇದಿಷ್ಟೇ ಎಂದು ತೋರುತ್ತದೆ: ಕೊಲ್ಲಬೇಕಾಗುವ ಸ್ಥಿತಿಗೆ ಅವುಗಳನ್ನು ಬೆಳೆಸದಿರುವುದು. ಈಗ ಪಂಜರದಲ್ಲಿ ಬಿದಿರಿಲ್ಲ. ಪ್ರತಿ ರವಿವಾರ ಹುಡುಗ ತೋಟದಿಂದ ಪೇರಲದ ಹಸಿ ಕೊಂಬೆ ತಂದು ಹಳೆಯದನ್ನು ಒಲೆಗೆ ಹಾಕುತ್ತಾನೆ. ಬೆಳಗಿನ ಎಳೆ ಬಿಸಿಲಿನಲ್ಲಿ ಪಂಜರ ಅರ್ಧ ತಾಸು ಅಂಗಳದಲ್ಲಿರುತ್ತದೆ, ಅರ್ಧ ನೆರಳು ಬೀಳುವಂತೆ. ರಾತ್ರಿ ಬಿಳಿಯ ಧೋತರ ಹಾಸುವುದು ತಪ್ಪಿಲ್ಲ. ಮೊಟ್ಟೆಯೊಡೆದು ಬಂದ ಮರಿನುಸಿಗಳಿಗಾಗಿ ವಾರದ ಮೇಲೆ ಇನ್ನೊಮ್ಮೆ, ಮತ್ತೊಂದು ವಾರ ಬಿಟ್ಟು ಮಗುದೊಮ್ಮೆ ನೀರು ಮರಳಿಸಬೇಕಾಯಿತು. ಎರಡನೆಯ ಸಲ ಉದುರಿದ್ದನ್ನು ಹುಡುಗ ಎಣಿಸಿದನು: ಹದಿನೇಳು. ಮೂರನೆಯ ಸಲ ಒಂದೂ ಇರಲಿಲ್ಲ. ಅಂದು ಅವನ ಮುಖ ನೋಡಬೇಕಿತ್ತು.

ಮಾರ್ಗಶಿರ ಪುಷ್ಯಗಳಲ್ಲಿ ಕೊಹೀರಿನ ಚಳಿ ಎಂಥದೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಅತಿ ಕಡಿಮೆ ಉಷ್ಣತೆಯ ಊರುಗಳ ಹೆಸರು ಪತ್ರಿಕೆಯಲ್ಲಿ ಬಂದಾಗ ನಮ್ಮೂರು ಅದರಲ್ಲಿ ಇದ್ದೇ ಇರುತ್ತದೆ. ಆ ಚಳಿಯನ್ನು ಹಕ್ಕಿ ಗೋಣಿಚೀಲದ ಮರೆಯಲ್ಲಿ ದಾಟಿತು. ಕೊಕ್ಕಿನ ಬುಡದ ಬಿಳಿಚಿದ ಬಣ್ಣ ಹೋಗಿ ಮತ್ತೆ ನೀಲಿ ಏರಿತು. ನವಣೆಯ ತೆನೆಯನ್ನು ತಲೆಕೆಳಗಾಗಿ ಜೋತು ತಿನ್ನುವಷ್ಟು ಚುರುಕಾಯಿತು. ನಿಬಂಧದ ವಿಷಯವನ್ನು ನಾನು ಈ ವರ್ಷ ಬದಲಿಸಿದ್ದೇನೆ: ‘ನಮ್ಮ ಅಂಗಳಕ್ಕೆ ಬರುವ ಹಕ್ಕಿ’.

ಕಳೆದ ವಾರ ಹುಡುಗ ಮತ್ತೆ ನನ್ನ ಮೇಜಿನ ಬಳಿ ಬಂದು ನಿಂತನು. ಸಂಜೆ ಗುಬ್ಬಿಗಳು ಪೇರಲದ ಗಿಡಕ್ಕೆ ಬಂದು ಗದ್ದಲ ಮಾಡುವಾಗ ಅವನ ಹಕ್ಕಿ ಜಾಲರಿಗೆ ಬಂದು ಅಂಟಿಕೊಂಡು ಕೂಗುತ್ತದಂತೆ. ಗುಬ್ಬಿಗಳು ಅದರ ಮಾತಿಗೆ ಮಾತು ಕೊಡುವುದಿಲ್ಲವಂತೆ. “ಒಂಟಿ ಆಗ್ಯದ್ರೀ ಸರ್. ಇನ್ನೊಂದ್ ತರೂಣೇನ್ರಿ?” ಎಂದು ಕೇಳಿದನು. ಹಿಂಡಿನಲ್ಲಿ ಬಾಳುವ ಹಕ್ಕಿಗೆ ಒಂಟಿತನ ಸಣ್ಣ ನೋವಲ್ಲವೆಂದು ನಾನು ಬಲ್ಲೆ. ಇನ್ನೊಂದನ್ನು ಕೊಂಡರೆ ಅಂಗಡಿಯವನು ಆ ಜಾಗದಲ್ಲಿ ಮತ್ತೊಂದನ್ನು ತಂದಿಡುತ್ತಾನೆಂದೂ ಬಲ್ಲೆ. “ನೋಡೂಣು” ಎಂದೆ. ಅವನು ಹೋಗಲಿಲ್ಲ. ಚೀಲದಿಂದ ಕಂಪಾಸುಪೆಟ್ಟಿಗೆ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದನು. ಪೇರಲ ಮಾರಿ ಕೂಡಿಸಿದ ಹತ್ತು ರೂಪಾಯಿಯ ನೋಟುಗಳು ಮಡಿಕೆ ಮಡಿಕೆಯಾಗಿ ಒಳಗಿದ್ದವು.